ಲೆಕ್ಕ ಬಂದಿತೆಂದು ತಿಳಿಯುವುದೆಂತು?

“ಅವನಿಗೆ ಲೆಕ್ಕ ತಿಳಿದಿದೆ” ಎನ್ನುವುದಕ್ಕಿಂತ “ಅವನಿಗೆ ಲೆಕ್ಕ ಬರುತ್ತದೆ” ಎನ್ನುವುದೇ ಕನ್ನಡದಲ್ಲಿ ರೂಢಿ. ಈಜು ಬರುತ್ತದೆ, ಹಾಡು ಬರುತ್ತದೆ, ಲೆಕ್ಕ ಬರುತ್ತದೆ. ಈಜು ಬಂದುದಕ್ಕೆ ನೀರೇ ಸಾಕ್ಷಿ. ಹಾಡು ಬಂದುದಕ್ಕೆ ಕೇಳುವವರ ಕಿವಿ ಸಾಕ್ಷಿ. ಲೆಕ್ಕ ಬಂದುದಕ್ಕೆ ಸಾಕ್ಷಿ ಯಾರು? ಕಲಿಸಿದ ಉಪಾಧ್ಯಾಯರೇ, ಪರೀಕ್ಷೆಯ ಅಂಕಪಟ್ಟಿಯೇ, ಅಂಗಡಿಯ ಯಜಮಾನನೇ, ಅಥವಾ ಕಲಿತವನೇ? ಗಣಿತವನ್ನು ಓದುವ ವಿದ್ಯಾರ್ಥಿಗೆ ಇದು ಬರಿಯ ತರ್ಕವಿನೋದದ ಮಾತಲ್ಲ. ಭಿನ್ನರಾಶಿ ಬಾರದವನು ತ್ರೈರಾಶಿಕವನ್ನು ಕಲಿಯಲಾರ. ತ್ರೈರಾಶಿಕ ಬಾರದವನಿಗೆ ಬಡ್ಡಿಯ ಲೆಕ್ಕ ಬಾರದು. ಒಂದು ಪ್ರಕರಣವು ಕೈವಶವಾಯಿತೆಂದು ತಪ್ಪಾಗಿ ಎಣಿಸಿ ಮುಂದಕ್ಕೆ ಹೋದವನು ಎರಡು ವರ್ಷಗಳ ತರುವಾಯ ಎಡವುತ್ತಾನೆ. ತನಗೆ ಗಣಿತದ ಬುದ್ಧಿಯೇ ಇಲ್ಲವೆಂದು ನಿಶ್ಚಯಿಸಿ ಪುಸ್ತಕವನ್ನು ಮುಚ್ಚಿಬಿಡುತ್ತಾನೆ. ಬುದ್ಧಿಗೇನೂ ಕೊರತೆಯಿರಲಿಲ್ಲ, ಸಾಕ್ಷಿ ಸುಳ್ಳಾಗಿತ್ತು.

ಈ ಪ್ರಶ್ನೆಗೆ ನಮ್ಮ ನಾಡು ಬೇರೆಬೇರೆ ಕಾಲಗಳಲ್ಲಿ ಕೊಟ್ಟ ಉತ್ತರಗಳನ್ನು ಉತ್ತರ ಕನ್ನಡದ ಕರಾವಳಿಯ ಮೂರು ಊರುಗಳಲ್ಲಿ ನಿಂತು ನೋಡುವುದು ಇಂದಿನ ನಮ್ಮ ಭಾಷಣದ ಉದ್ದೇಶ. ತೆಂಕಣಿಂದ ಬಡಗಣಕ್ಕೆ ಸಾಲಾಗಿರುವ ಭಟ್ಕಳ, ಹೊನ್ನಾವರ, ಕುಮಟಾ ಎಂಬ ಈ ಮೂರೂ ಬಂದರುಗಳು. ಮೆಣಸು, ಅಕ್ಕಿ, ಹತ್ತಿಗಳನ್ನು ಅಳೆದು, ತೂಗಿ, ಲೆಕ್ಕವಿಟ್ಟು ಬದುಕಿದ ಊರುಗಳು. ಲೆಕ್ಕ ಬಾರದಿದ್ದರೆ ಏನಾಗುವುದೆಂಬುದು ಇಲ್ಲಿಯವರಿಗೆ ಚೆನ್ನಾಗಿ ತಿಳಿದಿತ್ತು.

ಮೊದಲು ಹೊನ್ನಾವರಕ್ಕೆ ಹೋಗೋಣ. ೧೩೪೨ರ ಸುಮಾರಿನಲ್ಲಿ ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತನು ಈ ಊರಿಗೆ ಬಂದನು. ಆಗ ಇಲ್ಲಿ ಸುಲ್ತಾನ್ ಜಮಾಲುದ್ದೀನನು ಆಳುತ್ತಿದ್ದನು. ಊರಿನಲ್ಲಿ ಹುಡುಗರಿಗಾಗಿ ಇಪ್ಪತ್ತಮೂರು, ಹುಡುಗಿಯರಿಗಾಗಿ ಹದಿಮೂರು ಶಾಲೆಗಳನ್ನು ಕಂಡೆನೆಂದೂ, ಇಂಥದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಆ ಪ್ರವಾಸಿಯು ಬರೆದಿಟ್ಟಿದ್ದಾನೆ. ಅಲ್ಲಿಯ ಹೆಂಗಸರು ಕುರಾನನ್ನು ಬಾಯಿಪಾಠವಾಗಿ ಬಲ್ಲವರೆಂಬುದನ್ನು ಅವನು ವಿಶೇಷವಾಗಿ ಗಮನಿಸಿದ್ದಾನೆ. ಆರುನೂರೆಂಬತ್ತು ವರ್ಷಗಳ ಹಿಂದೆ ಒಂದು ಕನ್ನಡ ಬಂದರಿನಲ್ಲಿ ಹದಿಮೂರು ಹೆಣ್ಣುಮಕ್ಕಳ ಶಾಲೆಗಳಿದ್ದುವೆಂಬುದು ಹೆಮ್ಮೆಯ ಮಾತು. ನಮ್ಮ ಇಂದಿನ ವಿಷಯಕ್ಕೆ ಬೇಕಾದ ಅಂಶವು ಇದು: ಅಲ್ಲಿ ಕಲಿಕೆಯ ಅಳತೆಗೋಲು ಕಂಠಪಾಠವಾಗಿತ್ತು. ಗ್ರಂಥವೊಂದನ್ನು ಕಲಿತುದಕ್ಕೆ ಇದು ನಿಷ್ಪಕ್ಷಪಾತವಾದ ಪರೀಕ್ಷೆಯೇ ಸರಿ. ಒಂದು ಅಕ್ಷರ ಜಾರಿದರೂ ಕೇಳುವವರಿಗೆ ತಿಳಿದುಹೋಗುತ್ತದೆ, ಮೋಸಕ್ಕೆ ಎಡೆಯಿಲ್ಲ.

ವೇದವನ್ನೋದುವವರೂ, ಅಮರಕೋಶವನ್ನೋದುವವರೂ ಇದೇ ಅಳತೆಗೋಲನ್ನು ಬಳಸಿದರು. ಐಗಳ ಮಠದಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಕರ ತಿದ್ದುತ್ತಿದ್ದ ಹುಡುಗರ ಲೆಕ್ಕಕ್ಕೂ ಇದೇ ಅಳತೆಗೋಲು ಬಂದಿತು. ಮಗ್ಗಿ ಹೇಳಿದರೆ ಲೆಕ್ಕ ಬಂದಿತು. ಒಂದು, ಎರಡು, ಮೂರರ ಮಗ್ಗಿಗಳು ಮಾತ್ರವೇ ಅಲ್ಲದೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಗಳನ್ನೂ ಮಕ್ಕಳು ಸಂಜೆಯ ಹೊತ್ತು ಒಕ್ಕೊರಲಿನಿಂದ ಹೇಳುತ್ತಿದ್ದರು. ಅದರ ಪ್ರಯೋಜನವನ್ನು ಹಳಿಯುವುದು ನಮಗೆ ಒಪ್ಪಿಗೆಯಲ್ಲ. ಆದರೆ ಎಂಟರ ಮಗ್ಗಿಯನ್ನು ತಡೆಯಿಲ್ಲದೆ ಹೇಳುವ ಹುಡುಗನನ್ನು ಕರೆದು “ಐವತ್ತಾರರಲ್ಲಿ ಎಂಟು ಎಷ್ಟು ಸಲ ಹೋಗುತ್ತದೆ?” ಎಂದು ಕೇಳಿ ನೋಡಿರಿ. ಎಷ್ಟೋ ಹುಡುಗರು “ಎಂಟೊಂದ್ಲ ಎಂಟು” ಎಂದು ಮೊದಲಿನಿಂದ ತೊಡಗಿ, ಐವತ್ತಾರು ಬರುವವರೆಗೆ ಹೇಳಿಕೊಂಡು ಹೋಗುತ್ತಾರೆ. ಮಗ್ಗಿಯು ಅವರ ನಾಲಗೆಗೆ ಬಂದಿದೆ. ಅವರ ಕೈಗೆ ಇನ್ನೂ ಬಂದಿಲ್ಲ.

ಎರಡನೆಯ ಉತ್ತರವು ಭಟ್ಕಳದ ಸೀಮೆಯಿಂದ ಬಂದಿದೆ. ಭಟ್ಕಳವು ವಿಜಯನಗರದ ಕಾಲದಲ್ಲಿ ಹೆಸರಾಂತ ಬಂದರಾಗಿತ್ತು. ಹದಿನಾರನೆಯ ಶತಮಾನದ ಮೊದಲಲ್ಲಿ ಪೋರ್ಚುಗಲ್ಲಿನ ದುವಾರ್ತೆ ಬಾರ್ಬೋಸನು ಇಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಟುಹೋಗುತ್ತಿದ್ದುದನ್ನು ಹೇಳಿದ್ದಾನೆ. ಈ ತಾಲ್ಲೂಕಿನ ಹಾಡುವಳ್ಳಿಗೆ ಹಿಂದೆ ಸಂಗೀತಪುರವೆಂದು ಹೆಸರು. ಅಲ್ಲಿಯ ಜೈನ ಮಠದ ಅಕಲಂಕದೇವರ ಶಿಷ್ಯನಾದ ಭಟ್ಟಾಕಳಂಕನು ೧೬೦೪ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವೆಂಬ ಕನ್ನಡ ವ್ಯಾಕರಣವನ್ನು ಸಂಸ್ಕೃತದಲ್ಲಿ ರಚಿಸಿದನು. ಸೂತ್ರಗಳು ೫೯೨. ಸೂತ್ರಗಳನ್ನು ಬರೆದು ಆತನು ಸುಮ್ಮನಾಗಲಿಲ್ಲ. ಅವುಗಳಿಗೆ ‘ಭಾಷಾಮಂಜರಿ’ಯೆಂಬ ವೃತ್ತಿಯನ್ನೂ, ಅದರ ಮೇಲೆ ‘ಮಂಜರೀಮಕರಂದ’ವೆಂಬ ವಿಸ್ತಾರವಾದ ವ್ಯಾಖ್ಯಾನವನ್ನೂ ತಾನೇ ಬರೆದನು.

ವ್ಯಾಕರಣವು ಗಣಿತವಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ನಮ್ಮ ಗಣಿತಗ್ರಂಥಗಳೂ ಇದೇ ಅಚ್ಚಿನಲ್ಲಿ ಎರಕಗೊಂಡವು. ನಿಯಮವನ್ನು ಬಿಗಿಯಾದ ಸೂತ್ರದಲ್ಲಿ ಹೇಳುವುದು, ಕೆಳಗೆ ಉದಾಹರಣೆಗಳನ್ನು ಕೊಡುವುದು, ಟೀಕೆಯಲ್ಲಿ ಅದನ್ನು ಬಿಡಿಸುವುದು, ಇದು ಉಭಯಶಾಸ್ತ್ರಗಳ ಪದ್ಧತಿ. ಭಟ್ಟಾಕಳಂಕನ ಕೆಲಸದಲ್ಲಿ ಕಲಿಕೆಗೆ ಒಂದು ಹೊಸ ಅಳತೆಗೋಲು ಅಡಗಿದೆ: ಒಂದೇ ವಿಷಯವನ್ನು ಮೂರು ಉದ್ದಗಳಲ್ಲಿ ಹೇಳಬಲ್ಲೆಯಾ? ಸೂತ್ರವನ್ನು ಮಾತ್ರ ಹೇಳುವವನು ಅದನ್ನು ಬಾಯಿಪಾಠ ಮಾಡಿರಬಹುದು. ವಿಸ್ತಾರವಾಗಿ ಮಾತ್ರ ಹೇಳುವವನಿಗೆ ಸಾರವು ಯಾವುದೆಂದು ತಿಳಿಯದಿರಬಹುದು. ಭಿನ್ನರಾಶಿಗಳನ್ನು ಕೂಡುವಾಗ ಛೇದಗಳನ್ನು ಏಕೆ ಸಮಮಾಡಬೇಕೆಂಬುದನ್ನು ಒಂದು ವಾಕ್ಯದಲ್ಲಿಯೂ, ಒಂದು ಪುಟದಲ್ಲಿಯೂ, ಕೇಳುವವನಿಗೆ ಅರ್ಥವಾಗುವವರೆಗೂ ಹೇಳಬಲ್ಲವನಿಗೆ ಆ ಪ್ರಕರಣವು ಬಹುಮಟ್ಟಿಗೆ ವಶವಾಗಿದೆ.

ಇನ್ನು ಇಂಗ್ಲಿಷರ ಕಾಲಕ್ಕೆ ಬರೋಣ. ೧೭೯೯ರಲ್ಲಿ ಟೀಪುವಿನ ಪತನವಾದ ಮೇಲೆ ಕೆನರಾ ಜಿಲ್ಲೆಯು ಮದರಾಸಿನ ಆಡಳಿತಕ್ಕೆ ಸೇರಿತು. ನಮ್ಮ ಮೂರು ಊರುಗಳೂ ಅದರೊಳಗಿದ್ದುವು. ೧೮೨೨ರಲ್ಲಿ ಗವರ್ನರ್ ಥಾಮಸ್ ಮನ್ರೋ ಪ್ರತಿಯೊಂದು ಜಿಲ್ಲೆಯಿಂದಲೂ ದೇಶೀಯ ಶಾಲೆಗಳ ಲೆಕ್ಕವನ್ನು ಕೇಳಿದನು. ಕೆನರಾದ ಕಲೆಕ್ಟರು ಅಂಕಿಅಂಶಗಳನ್ನು ಕಳುಹಿಸಲೇ ಇಲ್ಲ. ಇಲ್ಲಿ ವಿದ್ಯಾಭ್ಯಾಸವು ಹೆಚ್ಚಾಗಿ ಮನೆಗಳಲ್ಲಿಯೇ ಖಾಸಗಿಯಾಗಿ ನಡೆಯುವುದರಿಂದ ಶಾಲೆಗಳನ್ನೆಣಿಸಿ ಪ್ರಯೋಜನವಿಲ್ಲವೆಂಬುದು ಅವನ ಉತ್ತರದ ತಾತ್ಪರ್ಯ. ಹೀಗೆ, ಇಬ್ನ್ ಬತೂತನು ಶಾಲೆಗಳನ್ನು ಬೆರಳೆಣಿಸಿ ಬರೆದಿಟ್ಟ ಕರಾವಳಿಯಲ್ಲಿ, ಐನೂರು ವರ್ಷಗಳ ಬಳಿಕ ಸರಕಾರಕ್ಕೆ ಎಣಿಸಲು ಒಂದು ಶಾಲೆಯೂ ಸಿಕ್ಕಲಿಲ್ಲ. ಕಲಿಕೆ ಇರಲಿಲ್ಲವೆಂದು ಇದರ ಅರ್ಥವಲ್ಲ. ಮನೆಯಲ್ಲಿ ತಂದೆಯಿಂದಲೋ ಮಾವನಿಂದಲೋ ಲೆಕ್ಕ ಕಲಿತ ಹುಡುಗನಿಗೆ ಹೊರಗಿನ ಪರೀಕ್ಷಕನಿರಲಿಲ್ಲವೆಂದು ಮಾತ್ರ ಅರ್ಥ.

ಕನ್ನಡ ಮಾತಿನ ಮತ್ತೊಂದು ಜಿಲ್ಲೆಯಾದ ಬಳ್ಳಾರಿಯಿಂದ ಕಲೆಕ್ಟರ್ ಕ್ಯಾಂಬೆಲ್ಲನು ೧೮೨೩ರಲ್ಲಿ ಕಳುಹಿಸಿದ ರಿಪೋರ್ಟು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ. ಅವನು ೫೩೩ ಶಾಲೆಗಳನ್ನೂ ೬೬೪೧ ವಿದ್ಯಾರ್ಥಿಗಳನ್ನೂ ಎಣಿಸಿದನು. ಬೆಳಗ್ಗೆ ಮೊದಲು ಶಾಲೆಗೆ ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ. ಎರಡನೆಯವನ ಅಂಗೈಯಲ್ಲಿ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಂದ ಮುಂದಕ್ಕೆ ಏಟುಗಳು ಒಂದೊಂದಾಗಿ ಏರುತ್ತ ಹೋಗುತ್ತಿದ್ದುವು. ಹುಡುಗರು ಅರ್ಥವರಿಯದೆ ಪದ್ಯಗಳನ್ನು ಗಿಣಿಪಾಠ ಒಪ್ಪಿಸುವುದನ್ನು ಕ್ಯಾಂಬೆಲ್ಲನು ಆಕ್ಷೇಪಿಸಿದನು. ಆದರೆ ಒಂದು ಪದ್ಧತಿಯನ್ನು ಮೆಚ್ಚಿಕೊಂಡನು: ಮುಂದುವರಿದ ಹುಡುಗರು ಹಿಂದುಳಿದವರಿಗೆ ಕಲಿಸುವುದು. ಇದೇ ಪದ್ಧತಿಯು ಮದರಾಸಿನಿಂದ ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಶಾಲೆಗಳಲ್ಲಿ ಬಳಕೆಗೆ ಬಂದಿತ್ತು. ಉಪಾಧ್ಯಾಯರ ಸಂಬಳವನ್ನು ಉಳಿಸುವ ಉಪಾಯವೆಂದು ಹೊರಗಿನವರು ಇದನ್ನು ಕೊಂಡಾಡಿದರು. ನಮಗೆ ತೋರುವಂತೆ ಅದರ ನಿಜವಾದ ಲಾಭವು ಕಲಿಸುವ ಹುಡುಗನಿಗೆ. ಕಿರಿಯವನು “ಏಕೆ?” ಎಂದು ಕೇಳಿದಾಗ ಬಾಯಿ ಕಟ್ಟಿತೆಂದರೆ, ತನಗೆ ಯಾವುದು ಬಾರದೆಂಬುದು ಅವನಿಗೆ ಆ ಕ್ಷಣವೇ ಗೊತ್ತಾಗುತ್ತದೆ.

ಮೂರನೆಯ ಊರು ಕುಮಟಾ. ೧೮೬೨ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿತು. ಅದೇ ಹೊತ್ತಿಗೆ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಕ್ಷಾಮ ಉಂಟಾಯಿತು. ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರಿಗೆ ಬಂದು ಹಡಗೇರುತ್ತಿದ್ದುದರಿಂದ, ದೂರದ ಪೇಟೆಗಳಲ್ಲಿಯೂ ಆ ಹತ್ತಿಗೆ ಕುಮಟಾ ಎಂಬ ಹೆಸರೇ ನಿಂತಿತು. ಇಂಥ ಪೇಟೆಯಲ್ಲಿ ಲೆಕ್ಕದ ಪರೀಕ್ಷೆ ದಿನವೂ ನಡೆಯುತ್ತದೆ. ತಪ್ಪು ಮಾಡಿದವನಿಗೆ ಅಂಕ ಕಳೆಯುವುದಿಲ್ಲ, ಹಣ ಕಳೆಯುತ್ತದೆ.

ಆ ಕಾಲದ ಒಂದು ಪುಟ್ಟ ಲೆಕ್ಕವನ್ನು ನಾವೇ ಕಟ್ಟಿಕೊಳ್ಳೋಣ. ರೂಪಾಯಿಗೆ ಹದಿನಾರು ಆಣೆ. ಆದುದರಿಂದ ಹದಿನಾರು ಸೇರಿನ ಬೆಲೆ ಎಷ್ಟು ರೂಪಾಯಿಯೋ ಒಂದು ಸೇರಿನ ಬೆಲೆ ಅಷ್ಟೇ ಆಣೆ. ಅಂಗಡಿಯ ಹುಡುಗನೊಬ್ಬನು ಈ ಸೂತ್ರವನ್ನು ಕಲಿತು ಚಟಪಟನೆ ಉತ್ತರ ಹೇಳುತ್ತಾನೆ. ಒಂದು ದಿನ ಯಜಮಾನನು “ಖಂಡಿಗೆ ಅರವತ್ತೈದು ರೂಪಾಯಿ, ಮಣಕ್ಕೆ ಎಷ್ಟು?” ಎಂದು ಕೇಳುತ್ತಾನೆ. ಖಂಡಿಗೆ ಮಣಗಳು ಇಪ್ಪತ್ತು, ಹದಿನಾರಲ್ಲ. ಸೂತ್ರವನ್ನೇ ನಂಬಿದ ಹುಡುಗನು “ಅರವತ್ತೈದು ಆಣೆ, ಎಂದರೆ ನಾಲ್ಕು ರೂಪಾಯಿ ಒಂದಾಣೆ” ಎಂದುಬಿಡುತ್ತಾನೆ. ಇನ್ನೊಬ್ಬ ಹುಡುಗನೂ ಬಾಯಿತಪ್ಪಿ ಅದನ್ನೇ ಹೇಳಿರಬಹುದು, ಆದರೆ ಅವನು ಮರುಕ್ಷಣದಲ್ಲಿ ತಡೆಯುತ್ತಾನೆ: “ಮಣಕ್ಕೆ ನಾಲ್ಕು ರೂಪಾಯಿ ಮೇಲಾದರೆ ಖಂಡಿಗೆ ಎಂಬತ್ತು ದಾಟುತ್ತದಲ್ಲ! ಯಜಮಾನರು ಹೇಳಿದ್ದು ಅರವತ್ತೈದು.” ಹೀಗೆಂದು ಇಪ್ಪತ್ತರಿಂದ ಭಾಗಿಸಿ, ಮೂರು ರೂಪಾಯಿ ನಾಲ್ಕಾಣೆ ಎಂದು ತಿದ್ದಿ ಹೇಳುತ್ತಾನೆ. ತಪ್ಪಿದವರು ಇಬ್ಬರೂ. ಲೆಕ್ಕ ಬಂದವನು ಎರಡನೆಯವನು.

ಪೇಟೆಯ ಪರೀಕ್ಷೆಗೂ ಒಂದು ಮಿತಿಯುಂಟು. ಉತ್ತರ ಸರಿಯಿದ್ದರೆ ಪೇಟೆಗೆ ಸಾಕು. ಕಾರಣವನ್ನು ಅದು ಕೇಳುವುದಿಲ್ಲ. ಕಾರಣದ ಬೆಲೆ ತಿಳಿಯುವುದು ಅಳತೆಗಳು ಮಾರ್ಪಟ್ಟಾಗ. ೧೯೫೭ರ ಏಪ್ರಿಲ್ ೧ರಂದು ಭಾರತದಲ್ಲಿ ಹದಿನಾರಾಣೆಯ ರೂಪಾಯಿ ಹೋಗಿ ನೂರು ನಯೇ ಪೈಸೆಯ ರೂಪಾಯಿ ಬಂದಿತು. ಮುಂದಿನ ಕೆಲವು ವರ್ಷಗಳಲ್ಲಿ ಸೇರು, ಮಣಗಳ ಸ್ಥಾನಕ್ಕೆ ಕಿಲೋಗ್ರಾಮು ಬಂದಿತು. ಹದಿನಾರರ ಸೂತ್ರವನ್ನು ಮಾತ್ರ ಬಲ್ಲವನ ವಿದ್ಯೆ ಆಗ ಹಳೆಯ ನಾಣ್ಯದಂತೆ ಚಲಾವಣೆ ತಪ್ಪಿತು. ರೂಪಾಯಿಯ ಭಾಗಗಳು ಎಷ್ಟೋ ಸರಕಿನ ಭಾಗಗಳೂ ಅಷ್ಟೇ ಆಗಿರುವುದರಿಂದ ಆ ಸೂತ್ರವು ನಿಲ್ಲುತ್ತದೆಂದು ತಿಳಿದವನಾದರೋ, ನೂರು ಕಿಲೋವಿನ ಬೆಲೆ ಎಷ್ಟು ರೂಪಾಯಿಯೋ ಒಂದು ಕಿಲೋವಿನ ಬೆಲೆ ಅಷ್ಟೇ ಪೈಸೆಯೆಂದು ಹೊಸ ಸೂತ್ರವನ್ನು ತಾನೇ ಮಾಡಿಕೊಂಡನು.

ನಾಲ್ಕನೆಯ ಸಾಕ್ಷಿಯು ಬರಹದ ಪರೀಕ್ಷೆ. ೧೮೫೭ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ ಮೆಟ್ರಿಕ್ಯುಲೇಷನ್ ಪರೀಕ್ಷೆ ಆರಂಭವಾಯಿತು. ಕರಾವಳಿಯ ಹುಡುಗರೂ ಕಾಲಕ್ರಮದಲ್ಲಿ ಆ ಬಾಗಿಲಿನಿಂದಲೇ ಹೋಗಬೇಕಾಯಿತು. ಜಾತಿ, ಮನೆತನ, ಶಿಫಾರಸುಗಳನ್ನು ನೋಡದೆ ಬರೆದುದನ್ನು ಮಾತ್ರ ನೋಡುವ ಪರೀಕ್ಷೆಯು ಬಡ ವಿದ್ಯಾರ್ಥಿಗೆ ಮಾಡಿದ ಉಪಕಾರವನ್ನು ನಾವು ಮರೆಯಬಾರದು. ಆದರೆ ಕಲಿತುದಕ್ಕೆ ಅದು ಎಂಥ ಸಾಕ್ಷಿ? ಸುಮಾರು ಮೂರರಲ್ಲೊಂದು ಪಾಲು ಅಂಕ ಬಂದರೆ ತೇರ್ಗಡೆಯೆನ್ನುವುದು ವಾಡಿಕೆಯಾಯಿತು. ಮೂರು ಲೆಕ್ಕಗಳಲ್ಲಿ ಎರಡನ್ನು ತಪ್ಪಿಸುವ ಗುಮಾಸ್ತನನ್ನು ಕುಮಟೆಯ ಯಾವ ವರ್ತಕನು ಇಟ್ಟುಕೊಂಡಾನು? ತೇರ್ಗಡೆಯಾದ ಹುಡುಗನಾದರೋ ಆ ಮೂರನೆಯ ಎರಡು ಪಾಲಿನ ಅಜ್ಞಾನವನ್ನು ಹೊತ್ತುಕೊಂಡೇ ಮೇಲಿನ ತರಗತಿಗೆ ಹೋಗುತ್ತಾನೆ. ಬಾಗಿಲು ತೆರೆಯಿತೆಂಬುದಕ್ಕೆ ಅಂಕಪಟ್ಟಿ ಸಾಕ್ಷಿ. ಭಿನ್ನರಾಶಿ ಬಂದಿತೆಂಬುದಕ್ಕೆ ಸಾಕ್ಷಿಯಲ್ಲ.

ಕಂಠಪಾಠ, ವಿವರಣೆ, ಪೇಟೆ, ಪರೀಕ್ಷೆ ಎಂಬ ಈ ನಾಲ್ಕಲ್ಲದೆ ಹಳೆಯದಾದ ಉತ್ತರವೊಂದು ಆಧುನಿಕರ ಕೈಗೆ ಎಲ್ಲಕ್ಕಿಂತ ಕೊನೆಯಲ್ಲಿ ಸಿಕ್ಕಿತು. ೧೯೧೨ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚುಮಾಡಿಸಿದರು. ಅವರಿಗೆ ದೊರೆತ ಪ್ರತಿಗಳಲ್ಲಿ ಕನ್ನಡ ಟೀಕೆಯುಳ್ಳವೂ ಇದ್ದುವು. ಇದೇ ಕರಾವಳಿಯ ತೆಂಕಣ ಭಾಗದ ಮೂಡಬಿದಿರೆಯ ಜೈನ ಮಠದಲ್ಲಿದ್ದ ತಾಳೆಗರಿಯ ನಕಲೂ ಇದ್ದಿತು. ಮಹಾವೀರನು ಒಂಬತ್ತನೆಯ ಶತಮಾನದವನು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಗ್ರಂಥಾರಂಭದಲ್ಲಿ ಸ್ತುತಿಸಿದ್ದಾನೆ. ಗ್ರಂಥದ ಮೊದಲನೆಯ ಅಧಿಕಾರದ ಕೊನೆಯಲ್ಲಿ, ಲೆಕ್ಕಗಳಿನ್ನೂ ತೊಡಗುವ ಮೊದಲೇ, ಗಣಕನನ್ನು ಯಾವ ಗುಣಗಳಿಂದ ಗುರುತಿಸಬೇಕೆಂದು ಹೇಳುತ್ತಾನೆ. ಗುಣಗಳು ಎಂಟು.

ಒಂದು, ಲಘುಕರಣ: ಕೆಲಸವನ್ನು ಹಗುರವಾಗಿ, ಬೇಗನೆ ಮುಗಿಸುವುದು. ಎರಡು, ಊಹ: ಈ ದಾರಿಯಿಂದ ಬೇಕಾದ ಫಲ ಬರುವುದೇ ಎಂದು ಮುಂದಾಗಿ ಕಾಣುವುದು. ಮೂರು, ಅಪೋಹ: ಬೇಡವಾದ ಫಲ ಬರುವುದೇ ಎಂದು ಅರಿತು ಆ ದಾರಿಯನ್ನು ಬಿಡುವುದು. ನಾಲ್ಕು, ಅನಾಲಸ್ಯ: ಜಡತೆಯಿಲ್ಲದಿರುವುದು. ಐದು, ಗ್ರಹಣ: ಸರಿಯಾಗಿ ಅರ್ಥಮಾಡಿಕೊಳ್ಳುವುದು. ಆರು, ಧಾರಣ: ಅರ್ಥವಾದುದನ್ನು ನೆನಪಿನಲ್ಲಿಡುವುದು. ಏಳು, ಉಪಾಯ: ಹೊಸ ದಾರಿಗಳನ್ನು ಹುಡುಕುವುದು. ಎಂಟು, ಅವ್ಯಕ್ತವನ್ನು ವ್ಯಕ್ತಮಾಡುವ ಅಂಕಗಳನ್ನು ಹಿಡಿಯುವುದು.

ಈ ಪಟ್ಟಿಯನ್ನು ಕುಮಟೆಯ ಹುಡುಗರಿಬ್ಬರ ಪಕ್ಕದಲ್ಲಿಟ್ಟು ನೋಡಿರಿ. ಚಟಪಟನೆ ಹೇಳಿದವನಲ್ಲಿ ಲಘುಕರಣವಿತ್ತು, ಧಾರಣವೂ ಇತ್ತು. ಖಂಡಿಗೆ ಎಂಬತ್ತು ದಾಟುತ್ತದೆಂದು ತಡೆದವನಲ್ಲಿ ಅಪೋಹವಿತ್ತು. ಇಪ್ಪತ್ತಕ್ಕೆ ತಕ್ಕಂತೆ ದಾರಿ ಬದಲಾಯಿಸಿದಾಗ ಉಪಾಯವೂ ಬಂದಿತು. ನೆನಪನ್ನು ಮಹಾವೀರನು ತಿರಸ್ಕರಿಸಲಿಲ್ಲ. ಆದರೆ ಗ್ರಹಣದ ಬಳಿಕ ಅದನ್ನು ಹೇಳಿದನು. ಎಷ್ಟು ಲೆಕ್ಕಗಳನ್ನು ಮಾಡಿರಬೇಕೆಂದು ಹೇಳಲಿಲ್ಲ. ಯಾರು ಒಪ್ಪಬೇಕೆಂದೂ ಹೇಳಲಿಲ್ಲ. ಎಂಟು ಗುಣಗಳೂ ಗಣಕನಲ್ಲಿಯೇ ಇರತಕ್ಕವು.

ಸಾಕ್ಷಿಯು ಲೆಕ್ಕದೊಳಗಿನಿಂದಲೇ ಬರಬೇಕೆಂಬುದು ಅವನ ಉದಾಹರಣೆಗಳಲ್ಲಿಯೂ ಕಾಣುತ್ತದೆ. ಗುಣಾಕಾರದ ಪ್ರಕರಣದಲ್ಲಿ ೧೪೨೮೫೭೧೪೩ನ್ನು ೭ರಿಂದ ಗುಣಿಸುವ ಲೆಕ್ಕವಿದೆ. ಬರುವ ಉತ್ತರ ೧೦೦೦೦೦೦೦೦೧. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧. ಎಡದಿಂದಲೂ ಬಲದಿಂದಲೂ ಒಂದೇ ರೀತಿ ಓದಬಹುದಾದ ಇಂಥ ಸಂಖ್ಯೆಗಳಿಗೆ ಕಂಠಾಭರಣದ ಹೋಲಿಕೆಯುಂಟು. ವಿನೋದದ ಜೊತೆಗೆ ಇದರಲ್ಲಿ ಉಪಕಾರವೂ ಉಂಟು: ಎಲ್ಲಿಯಾದರೂ ಒಂದಂಕ ತಪ್ಪಿದರೆ ಹಾರದ ಮಣಿ ಹೊಂದುವುದಿಲ್ಲ. ವಿದ್ಯಾರ್ಥಿಯು ಗುರುವಿನ ಮುಖವನ್ನು ನೋಡಬೇಕಾಗಿಲ್ಲ. ಉತ್ತರವೇ ತನ್ನ ತಪ್ಪನ್ನು ತಾನು ಹೇಳುತ್ತದೆ.

ಆದರೂ ಮಹಾವೀರನೇ ಒಂದೆಡೆ ಎಡವಿದ್ದಾನೆ. ಋಣಸಂಖ್ಯೆಯು ಸ್ವಭಾವದಿಂದ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅವನು ಸ್ಪಷ್ಟವಾಗಿ ಹೇಳಿದನು. ಅವನು ಬಲ್ಲ ಸಂಖ್ಯೆಗಳ ಮಟ್ಟಿಗೆ ಇದು ಅಪೋಹದ ಸುಂದರವಾದ ನಿದರ್ಶನ. ಆದರೆ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಮಾರ್ಪಡದೆ ಉಳಿಯುತ್ತದೆಂದನು. ಬಳ್ಳಾರಿಯ ಹುಡುಗನ ಅಂಗೈಯ ಸೊನ್ನೆಯಂತೆ, ಈ ಸೊನ್ನೆಯೂ ಲಾಭನಷ್ಟವಿಲ್ಲದುದೆಂದು ತೋರಿರಬೇಕು. ಅವನ ಗುಣದಿಂದಲೇ ಅವನನ್ನು ಪರೀಕ್ಷಿಸೋಣ. ಹನ್ನೆರಡನ್ನು ಸೊನ್ನೆಯಿಂದ ಭಾಗಿಸಿ ಹನ್ನೆರಡು ಬಂದರೆ, ಆ ಹನ್ನೆರಡನ್ನು ಸೊನ್ನೆಯಿಂದ ಗುಣಿಸಿದಾಗ ಹನ್ನೆರಡು ಮರಳಬೇಕು. ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೆಂದು ಅವನೇ ಹೇಳಿದ್ದಾನೆ. ಆದುದರಿಂದ ಮಾತು ನಿಲ್ಲುವುದಿಲ್ಲ. ೧೧೫೦ರಲ್ಲಿ ಭಾಸ್ಕರಾಚಾರ್ಯನು ಅಂಥ ರಾಶಿಗೆ ಖಹರವೆಂದು ಹೆಸರಿಟ್ಟು ಅದನ್ನು ಅನಂತವೆಂದನು. ಇಂದಿನ ಅಂಕಗಣಿತವು ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವನ್ನೇ ಕೊಡುವುದಿಲ್ಲ. ಇದರಿಂದ ಆಚಾರ್ಯನ ಗೌರವಕ್ಕೇನೂ ಕುಂದಿಲ್ಲ. ಸಾವಿರದ ನೂರಕ್ಕೂ ಹೆಚ್ಚು ಶ್ಲೋಕಗಳ ಗ್ರಂಥವನ್ನು ಬರೆದವನಿಗೂ ಒಂದು ಸಣ್ಣ ಪ್ರಕರಣವು ಕೈಗೆ ಬಾರದೆ ಇದ್ದೀತೆಂಬುದಷ್ಟೇ ಪಾಠ. ಗಣಿತವು ಒಟ್ಟಾಗಿ ಬಂದಿತೆಂಬುದಿಲ್ಲ. ಒಂದೊಂದು ಪ್ರಕರಣವೂ ಬೇರೆಬೇರೆಯಾಗಿ ಬರಬೇಕು, ಬೇರೆಬೇರೆಯಾಗಿ ಸಾಕ್ಷಿ ನುಡಿಯಬೇಕು.

ಹಾಗಾದರೆ ವಿದ್ಯಾರ್ಥಿಯು ಮುಂದಿನ ಪಾಠಕ್ಕೆ ಯಾವಾಗ ಹೋಗಬೇಕು? ಪುಸ್ತಕದ ಕೊನೆಯಲ್ಲಿರುವ ಉತ್ತರಗಳ ಪುಟವನ್ನು ತಿರುವುವುದಕ್ಕೆ ಮೊದಲೇ ತನ್ನ ಉತ್ತರವು ಸರಿಯೋ ತಪ್ಪೋ ಎಂದು ಕಾರಣಸಹಿತವಾಗಿ ಹೇಳಬಲ್ಲನಾದರೆ, ಹೋಗಬಹುದು. ಹೇಳಲಾರನಾದರೆ ನೂರು ಲೆಕ್ಕ ಮಾಡಿದ್ದರೂ ಸ್ವಲ್ಪ ನಿಲ್ಲಬೇಕು. ಕಿರಿಯವನೊಬ್ಬನಿಗೆ ಕಲಿಸಿ ನೋಡಬೇಕು. ಒಂದು ವಾಕ್ಯದಲ್ಲಿ ಹೇಳಿ, ಒಂದು ಪುಟದಲ್ಲಿ ಬರೆದು ನೋಡಬೇಕು. ಹದಿನಾರಿದ್ದಲ್ಲಿ ಇಪ್ಪತ್ತನ್ನಿಟ್ಟು ಸ್ವಂತದ ಲೆಕ್ಕವೊಂದನ್ನು ಕಟ್ಟಬೇಕು. ನಮ್ಮ ಮನೆಗಳ ಹಿರಿಯರಲ್ಲಿಯೂ ಒಂದು ವಿಜ್ಞಾಪನೆ ಇದೆ. ಮಗುವು ಶಾಲೆಯಿಂದ ಬಂದಾಗ “ಎಷ್ಟು ಅಂಕ ಬಂದಿತು?” ಎಂದು ಕೇಳುವುದರ ಜೊತೆಗೆ “ನಿನ್ನ ಉತ್ತರ ಸರಿಯೆಂದು ನಿನಗೆ ಹೇಗೆ ಗೊತ್ತು?” ಎಂದು ಕೇಳಿರಿ. ಮೊದಮೊದಲು ಮಗು ಸುಮ್ಮನೆ ನಿಂತೀತು. ಅವಸರಪಡಿಸದೆ ಕಾದರೆ, ಒಂದು ದಿನ “ಖಂಡಿಗೆ ಎಂಬತ್ತು ದಾಟುತ್ತದಲ್ಲ!” ಎಂದ ಹುಡುಗನ ಹಾಗೆ ಅದು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಲೆಕ್ಕ ಬಂದಿತೆಂದು ಅಂದು ತಿಳಿಯಬಹುದು.